ಫಲಕದ ಕೆಳಗಿನ ಅರ್ಧ

“ಫಲಕದಲ್ಲಿ ತಮ್ಮ ಹೆಸರು ಬೇಡವೆಂದು ಆ ಗುರುಗಳು ಕೈಮುಗಿದು ನಿರಾಕರಿಸಿದರು. ಅವರ ವಿನಯವನ್ನು ಕಂಡ ಶಿಷ್ಯರೂ ತಮ್ಮ ಹೆಸರುಗಳನ್ನು ಹಿಂದಕ್ಕೆ ಪಡೆದರು. ಆದ್ದರಿಂದಲೇ ಇಂದಿಗೂ ಆ ಫಲಕದ ಕೆಳಗಿನ ಅರ್ಧ ಬರಿದಾಗಿದೆ.”

ಶಿವಮೊಗ್ಗದ ಒಂದು ಶಾಲೆಯ ವಾರ್ಷಿಕೋತ್ಸವದಲ್ಲಿ ಈ ಮಾತನ್ನು ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ. ಸೇವೆ ಮಾಡಿದ ವಿದ್ಯಾರ್ಥಿಗಳಿಗೂ ಉಪಾಧ್ಯಾಯರಿಗೂ ಬಹುಮಾನ ಹಂಚುವ ಮುನ್ನ ಈ ಕಥೆ ಹೇಳಿದರೆ ಸಭೆಗೆ ಒಂದು ಗಾಂಭೀರ್ಯ ಬರುತ್ತದೆ. ಹೇಳುವವರಲ್ಲಿ ಒಬ್ಬರೂ ಅಂದು ಅಲ್ಲಿರಲಿಲ್ಲ. ನಾನಿದ್ದೆ. ಆ ಫಲಕದ ಅಚ್ಚನ್ನು ಮಾಡಿದವನು ನಾನು. ಮೇಷ್ಟ್ರು ಕೈ ಮುಗಿದದ್ದನ್ನು ನಾನು ಕಾಣಲಿಲ್ಲ. ಕೈ ಎತ್ತಿದ್ದನ್ನು ಕಂಡೆ. ಕೇಳಿದ್ದನ್ನು ಕೇಳಿದ್ದೆಂದೂ ಕಂಡದ್ದನ್ನು ಕಂಡದ್ದೆಂದೂ ಬೇರೆ ಮಾಡಿಯೇ ಇಲ್ಲಿ ಬರೆಯುತ್ತೇನೆ.

ಅವು ಯುದ್ಧದ ವರ್ಷಗಳು. ನಾನು ಭದ್ರಾವತಿಯಲ್ಲಿ ಎರಕದ ಕೆಲಸಕ್ಕೆ ಪ್ಯಾಟರ್ನ್ ಮಾಡುವ ಬಡಗಿಯಾಗಿದ್ದೆ. ಕಬ್ಬಿಣದಲ್ಲಿ ಯಾವ ವಸ್ತು ಬೇಕೋ ಅದನ್ನು ಮೊದಲು ಮರದಲ್ಲಿ ಮಾಡಬೇಕು. ಆ ಮರದ ಪ್ಯಾಟರ್ನನ್ನು ಒದ್ದೆ ಮರಳಿನಲ್ಲಿ ಒತ್ತಿ, ಮರಳು ಕುಸಿಯದಂತೆ ಮೇಲಕ್ಕೆತ್ತಿದರೆ ಅದರ ಗುಳಿ ಉಳಿಯುತ್ತದೆ. ಆ ಗುಳಿಗೆ ಕರಗಿದ ಕಬ್ಬಿಣವನ್ನು ಹೊಯ್ಯುತ್ತಾರೆ. ಮರದಲ್ಲಿ ಏನಿದೆಯೋ ಅದೇ ಕಬ್ಬಿಣದಲ್ಲಿ ಬರುತ್ತದೆ, ಹೆಚ್ಚಿಲ್ಲ, ಕಡಿಮೆಯಿಲ್ಲ.

ಒಂದು ಬೇಸಿಗೆಯಲ್ಲಿ ಭದ್ರಾವತಿಯ ಹಳೆ ಊರಿನ ಹೊಳೆಬದಿಯ ಕೇರಿಗಳಿಗೆ ಕಾಲರಾ ಬಂತು. ಶಿವಮೊಗ್ಗದ ಹೈಸ್ಕೂಲಿನ ಮೇಷ್ಟ್ರೊಬ್ಬರು ಕೆಲವು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಬೆಳಗಿನ ರೈಲಿಗೆ ಬಂದು, ಬಾವಿಗಳಿಗೆ ನೀರು ಶುದ್ಧಿಯ ಪರ್ಮಾಂಗನೇಟ್ ಪುಡಿ ಹಾಕತೊಡಗಿದರು. ಆ ಹುಡುಗರ ಶ್ರಮವನ್ನು ನಾನು ಎಂದೂ ಕಡಿಮೆ ಮಾಡಿ ಹೇಳುವವನಲ್ಲ. ರೋಗಿಗಳನ್ನು ಮಂಚದ ಸಮೇತ ಹೊತ್ತು ಆಸ್ಪತ್ರೆಗೆ ಸಾಗಿಸಿದವರು ಅವರು. ಅವರಲ್ಲಿ ಒಬ್ಬನಿಗೆ ರೋಗ ತಗುಲಿ ಬದುಕಿದ್ದೇ ಹೆಚ್ಚಾಯಿತು.

ಆದರೆ ನಮ್ಮ ಬಾವಿಯ ಹತ್ತಿರ ಅವರ ಆಟ ನಡೆಯಲಿಲ್ಲ. ನನ್ನ ಬಾಡಿಗೆ ಮನೆ ಅಂಥ ಒಂದು ಕೇರಿಗೆ ತಾಗಿದ ಸಾಲಿನಲ್ಲಿತ್ತು. ನಾವೂ ಆ ಬಾವಿಯ ನೀರಿನವರೇ. ಪುಡಿ ಬಿದ್ದೊಡನೆ ನೀರು ಕಡುಗೆಂಪಾಯಿತು. ಹೆಂಗಸರು ಕೂಗಾಡುತ್ತ ಅದನ್ನು ಸೇದಿ ಸೇದಿ ಚೆಲ್ಲತೊಡಗಿದರು.

“ಅಜ್ಜಿ, ಇದು ಔಷಧಿ, ಚೆಲ್ಲಬೇಡಿ,” ಎಂದು ಒಬ್ಬ ವಿದ್ಯಾರ್ಥಿ ಅಂಗಲಾಚಿದ.

“ಔಷಧಿ ಆದ್ರೆ ನೀನೇ ಕುಡಿಯೋ ಮಗನೇ! ನೋಡಾಣ, ಕುಡಿ! ಶಿವಮೊಗ್ಗದಿಂದ ಬಂದು ನಮ್ ಬಾವೀಲಿ ಬಣ್ಣ ಕದಡ್ತಾನೆ!”

ಹುಡುಗ ತನ್ನ ಜೊತೆಯವರ ಮುಖ ನೋಡಿದ. ಜೊತೆಯವರು ಮೇಷ್ಟ್ರ ಮುಖ ನೋಡಿದರು. ಅಷ್ಟರಲ್ಲಿ ಕೇರಿಯ ಉರ್ದು ಹೆಣ್ಣುಮಕ್ಕಳ ಶಾಲೆಯ ಉಪಾಧ್ಯಾಯಿನಿ ಗುಂಪನ್ನು ಸರಿಸಿಕೊಂಡು ಬಂದರು. ಎಲ್ಲರೂ ಅವರನ್ನು ಉಸ್ತಾನಿ ಎನ್ನುತ್ತಿದ್ದರು. ಅವರು ಬೇರೊಬ್ಬಳ ಕೊಡದಿಂದಲೇ ಒಂದು ಲೋಟ ಬಗ್ಗಿಸಿಕೊಂಡು, ತಲೆಯ ಮೇಲಿನ ಸೆರಗು ಜಾರದಂತೆ ಹಿಡಿದು, ಗಟಗಟನೆ ಕುಡಿದರು.

“ನಾನು ಕುಡಿದೆ. ನಾಳೆ ಬೆಳಗ್ಗೆ ಬಂದು ನೋಡಿ. ಸತ್ತಿದ್ರೆ ನೀರು ಚೆಲ್ಲಿ. ಬದುಕಿದ್ರೆ ಬಾಯಿ ಮುಚ್ಕೊಂಡು ಕೊಡ ತುಂಬಿಸ್ಕೊಳ್ಳಿ,” ಎಂದರು.

ಇದು ನಾನು ಕಂಡದ್ದು. ಮರುದಿನದಿಂದ ರೋಗ ಇಳಿಯುವವರೆಗೆ ಪ್ರತಿ ಬೆಳಗ್ಗೆ ಅವರು ಬಾವಿಕಟ್ಟೆಯ ಮೇಲೆ ನಿಂತು ಮೊದಲ ಲೋಟ ಕುಡಿಯುತ್ತಿದ್ದುದನ್ನೂ ಕಂಡಿದ್ದೇನೆ. ಅಕ್ಕಪಕ್ಕದ ಕೇರಿಗಳಲ್ಲೂ ಇದನ್ನು ನೋಡಿಯೇ ನೀರು ಒಪ್ಪಿಕೊಂಡರೆಂಬುದು ನಾನು ಕೇಳಿದ್ದು.

ಮಳೆ ಹಿಡಿದು ರೋಗ ಇಳಿದ ಮೇಲೆ ಊರಿನ ಕೆಲವರು ಕೂಡಿ ಒಂದು ಸನ್ಮಾನ ಸಮಿತಿ ಮಾಡಿದರು. ಬಾವಿಕಟ್ಟೆಗೆ ಫಲಕವೊಂದನ್ನು ಕೂರಿಸಿ, ಸೇವೆ ಮಾಡಿದವರ ಹೆಸರುಗಳನ್ನು ಅದರಲ್ಲಿ ಕಾಣಿಸಬೇಕೆಂದು ನಿಶ್ಚಯವಾಯಿತು. ಹಿತ್ತಾಳೆ ಯುದ್ಧದಿಂದಾಗಿ ಕಣ್ಣಿಗೆ ಬೀಳುತ್ತಿರಲಿಲ್ಲ. ಆದ್ದರಿಂದ ಕಬ್ಬಿಣ. ನಮ್ಮ ಎರಕದ ಮೇಸ್ತ್ರಿ, ದಿನದ ಕೆಲಸ ಮುಗಿದು ಕುಲುಮೆಯಲ್ಲಿ ಏನಾದರೂ ಉಳಿದರೆ ಅದನ್ನು ಕೊಡಿಸುವುದಾಗಿ ಕಾರ್ಖಾನೆಯ ದೊಡ್ಡವರಿಂದ ಒಪ್ಪಿಗೆ ತಂದರು. ಪ್ಯಾಟರ್ನ್ ನನ್ನ ಪಾಲಿಗೆ ಬಂತು. ಫಲಕದ ಮೇಲರ್ಧದಲ್ಲಿ, ಕಾಲರಾ ಕಾಲದಲ್ಲಿ ಈ ನೀರನ್ನು ಕಾಪಾಡಿದ ಉಪಾಧ್ಯಾಯರಿಗೂ ವಿದ್ಯಾರ್ಥಿಗಳಿಗೂ ಊರಿನ ಕೃತಜ್ಞತೆ ಎಂಬ ಒಕ್ಕಣೆ. ಕೆಳಗಿನ ಅರ್ಧದಲ್ಲಿ ಹೆಸರುಗಳು. ಒಕ್ಕಣೆಯನ್ನೂ ಹೆಸರುಗಳನ್ನೂ ಮೇಷ್ಟ್ರೇ ಬರೆದುಕೊಟ್ಟರು. ಮೊದಲು ಅವರದು, ಆಮೇಲೆ ವಿದ್ಯಾರ್ಥಿಗಳದು, ಕಡೆಯ ಸಾಲಿನಲ್ಲಿ ಉಸ್ತಾನಿಯವರದು.

ಹಲಗೆ ಮಾಡುವುದು ಕಷ್ಟವಲ್ಲ. ಒಣಗಿದ ಸಾಗುವಾನಿ ತೆಗೆದುಕೊಂಡು, ಕಬ್ಬಿಣ ಆರುವಾಗ ಕುಗ್ಗುವಷ್ಟನ್ನು ಲೆಕ್ಕಕ್ಕೆ ಹಿಡಿದು ಅಳತೆಯನ್ನು ಹಿಗ್ಗಿಸಿ, ಅಂಚನ್ನು ತುಸು ಓರೆಯಾಗಿ ಹತ್ತರಿ ಹೊಡೆದರಾಯಿತು. ಕಷ್ಟವಿದ್ದದ್ದು ಅಕ್ಷರಗಳಲ್ಲಿ. ಇಂಗ್ಲಿಷ್ ಅಕ್ಷರಗಳ ಸೀಸದ ತುಣುಕುಗಳು ಒಂದು ಡಬ್ಬಿಯ ತುಂಬ ಇದ್ದವು. ಕನ್ನಡದವು ಒಂದೂ ಇರಲಿಲ್ಲ. ಯಂತ್ರದ ಭಾಗಗಳ ಮೇಲೆ ಕನ್ನಡ ಬರೆಯುವ ಅಗತ್ಯ ಯಾರಿಗೂ ಬಿದ್ದಿರಲಿಲ್ಲ. ನಾನು ಮೆತ್ತನೆಯ ಮರದಲ್ಲಿ ಒಂದೊಂದೇ ಅಕ್ಷರ ಕೊರೆದು ಅಂಟಿಸಿದೆ. ಪರೀಕ್ಷೆಗೆಂದು ಎರಡು ಸಾಲು ಎರಕ ಹೊಯ್ದಾಗ ಸೋಲು ಕಣ್ಣೆದುರಿಗೇ ನಿಂತಿತು. ನಮ್ಮ ಅಕ್ಷರಗಳು ದುಂಡು. ದುಂಡಿನ ಒಳಗೆ ಉಳಿಯುವ ಮರಳಿನ ಗುಂಡು, ಪ್ಯಾಟರ್ನ್ ಎತ್ತುವಾಗ ಅದರ ಜೊತೆಗೇ ಕಿತ್ತು ಬಂತು. ಆ ಜಾಗಕ್ಕೆ ಕಬ್ಬಿಣ ನುಗ್ಗಿ ಅಕ್ಷರಗಳೆಲ್ಲ ಗಂಟುಗಳಾದವು.

ಮೇಸ್ತ್ರಿ ತಮಿಳರು, ಕನ್ನಡ ಓದಲು ಬಾರದು. ಆದರೂ ಅದನ್ನು ತಿರುಗಿಸಿ ತಿರುಗಿಸಿ ನೋಡಿ, “ಅಪ್ಪಾ, ಇದು ಹೆಸರಾ, ಇಲ್ಲ ಬೋಂಡಾನಾ?” ಎಂದರು.

ಎರಡನೆಯ ಸಲ ಅಕ್ಷರಗಳನ್ನು ಸೀಸದಲ್ಲಿ ಎರೆದು, ಬದಿಗಳನ್ನು ಒಂದೊಂದಾಗಿ ಓರೆಗೊಳಿಸಿ ಅರದಿಂದ ನುಣುಪು ಮಾಡಿದೆ. ಪ್ರತಿ ಅಕ್ಷರವನ್ನೂ ಸಣ್ಣ ತಂತಿಮೊಳೆಗಳಿಂದ ಸಾಗುವಾನಿಗೆ ಬಿಗಿದೆ. ಮುಖಕ್ಕೆ ಬರುವ ಮರಳನ್ನು ಬಟ್ಟೆಯಲ್ಲಿ ಜರಡಿ ಹಿಡಿದು, ಕಾಕಂಬಿ ಬೆರೆಸಿದ ನೀರಿನಿಂದ ಹದ ಮಾಡಿಸಿದೆ. ಮೇಲೆ ಇದ್ದಿಲ ಹುಡಿ ಉದುರಿಸಿದೆ. ಈ ಸಲ ಪರೀಕ್ಷೆಯ ಎರಕದಲ್ಲಿ ಒತ್ತಕ್ಷರಗಳೂ ಮುರಿಯದೆ ಬಂದವು. ಸಮಾರಂಭದ ದಿನ ಹತ್ತಿರವಾಗುತ್ತಿದ್ದರೂ ನನಗೆ ಸ್ವಲ್ಪ ಉಸಿರು ಬಂತು.

ಮೇಷ್ಟ್ರು ನೋಡಲು ಬಂದರು. ವಿನಯದ ಕಥೆ ನಂಬುವವರು ಈ ಭಾಗವನ್ನು ದಯವಿಟ್ಟು ಗಮನಿಸಬೇಕು. ಅವರು ಕನ್ನಡಕ ಒರೆಸಿಕೊಂಡು ಹಲಗೆಯ ಮೇಲೆ ಬಗ್ಗಿ, ತಮ್ಮ ಹೆಸರನ್ನು ಗೇಣು ಹಾಕಿ ಅಳೆದರು.

“ಬಿ.ಎ. ಎಲ್ಲಿ ಮಾರಾಯ?”

“ಜಾಗ ಸಾಲದು ಸಾರ್.”

“ಜಾಗ ಸಾಲದೇ ಏನು? ಅಂಚಿನಲ್ಲಿ ಇಷ್ಟು ಬಿಟ್ಟಿದ್ದೀಯ. ಎರಡು ವರ್ಷ ಮೈಸೂರಲ್ಲಿ ಛತ್ರದ ಊಟ ಮಾಡಿ ತಗೊಂಡಿದ್ದು ಕಣಯ್ಯ ಅದು. ಹಾಕು.”

ಹಾಕಿದೆ. ಅವರು ಮತ್ತೊಮ್ಮೆ ನೋಡಿ, ಯಾರೂ ನೋಡುತ್ತಿಲ್ಲವೆಂದುಕೊಂಡು, ಆ ಎರಡು ಅಕ್ಷರಗಳ ಮೇಲೆ ಬೆರಳಾಡಿಸಿದರು. ಹೆಸರು ಬೇಕೆಂದು ಆಸೆಪಡುವುದು ತಪ್ಪೆಂದು ನನಗೆ ಅಂದೂ ಅನಿಸಲಿಲ್ಲ, ಇಂದೂ ಅನಿಸುವುದಿಲ್ಲ. ಅವರಿಗೆ ಅದು ಬಹಳ ಬೇಕಾಗಿತ್ತು.

ಎರಕಕ್ಕೆ ಗೊತ್ತು ಮಾಡಿದ ದಿನದ ಹಿಂದಿನ ಮಧ್ಯಾಹ್ನ ಸಮಿತಿಯ ಕಾರ್ಯದರ್ಶಿಗಳು ಬಂದರು. ಪ್ಯಾಟರ್ನ್ ನೋಡಿ ಮೆಚ್ಚಿದರು. ಆಮೇಲೆ ಕಡೆಯ ಸಾಲಿನ ಮೇಲೆ ಕೊಡೆಯ ತುದಿ ಇಟ್ಟರು.

“ಇದೊಂದು ಸಾಲು ತೆಗೆದುಬಿಡಪ್ಪ.”

“ಯಾಕೆ ಸ್ವಾಮಿ?”

“ಪರದೆಯ ಮನೆತನ. ನಾಲ್ಕು ಜನ ಓಡಾಡೋ ಜಾಗದಲ್ಲಿ ಹೆಣ್ಣುಮಗಳ ಹೆಸರು ಹಾಕೋದು ಅವರಿಗೆ ಸರಿಬರೋಲ್ಲ. ಅವರ ಮನೆಯವರೇ ಬೇಡ ಅಂದ್ರು.”

ಮನೆಯವರು ಯಾರು, ಯಾರಿಗೆ ಹೇಳಿದರು ಎಂದು ಕೇಳಿದೆ. ಅವರಿಗೆ ಸಿಟ್ಟು ಬಂತು. “ನಿನಗೆ ಮರದ ಕೆಲಸ ಕೊಟ್ಟಿರೋದು, ವಿಚಾರಣೆ ಕೆಲಸ ಅಲ್ಲ,” ಎಂದು ಹೊರಟುಹೋದರು.

ಶಾಲೆಯ ಮೆಟ್ಟಿಲು ಹತ್ತದೆ ಅಂಗಡಿ ಬೋರ್ಡುಗಳನ್ನೂ ಹರಕು ಪತ್ರಿಕೆಗಳನ್ನೂ ಕೂಡಿಸಿ ಓದು ಕಲಿತವನು ನಾನು. ಹಾಗೆ ಕಲಿತವರಿಗೆ ಯಾರ ಮಾತನ್ನೂ ಸುಮ್ಮನೆ ನಂಬಲು ಬರುವುದಿಲ್ಲ. ಇದು ಗುಣವೋ ರೋಗವೋ ತಿಳಿಯದು. ಅಂದು ಸಂಜೆ ಕೆಲಸ ಬಿಟ್ಟವನು ನೇರವಾಗಿ ಉಸ್ತಾನಿಯವರ ಬಾಗಿಲಿಗೆ ಹೋದೆ. ಗೋಣಿಯ ಪರದೆಯ ಆಚೆಯಿಂದಲೇ ಅವರು ಮಾತನಾಡಿದರು.

“ಅಮ್ಮಾ, ಫಲಕದಲ್ಲಿ ನಿಮ್ಮ ಹೆಸರು ಬೇಡ ಅಂದ್ರಂತೆ?”

“ಯಾರು ಅಂದಿದ್ದು?”

“ನಿಮ್ಮ ಮನೆಯವರು ಅಂತ.”

“ನಮ್ ಮನೆಯವರು ಅಂದ್ರೆ ನಾನು, ನಮ್ಮ ಅಮ್ಮಿ. ಅಷ್ಟೇ ಜನ.” ಅವರು ಒಳಕ್ಕೆ ತಿರುಗಿ ಕೂಗಿ ಕೇಳಿದರು. ಒಳಗಿನಿಂದ ಮುದುಕಿಯ ಧ್ವನಿ, “ಮೇರೆಕು ಕೌನ್ ಪುಚ್ತೆ ಬೇಟಿ?” ಎಂದಿತು. ತನ್ನನ್ನು ಯಾರು ಕೇಳುತ್ತಾರೆ ಎಂಬ ಆ ನಗೆಮಾತಿಗೆ ಉಸ್ತಾನಿ ನಗಲಿಲ್ಲ.

“ಭಾಯ್, ನನಗೆ ಆ ಹೆಸ್ರು ಬೇಕು. ಹುಡುಗೀರು ಕಡಿಮೆ ಅಂತ ಶಾಲೆ ಮುಚ್ಚೋಕೆ ನೋಡ್ತಿದಾರೆ. ಕಾಲರಾ ಬಂದ್ಮೇಲೆ ಅಪ್ಪಂದಿರು ಮಕ್ಕಳನ್ನ ಹೊರಗೇ ಬಿಡ್ತಾ ಇಲ್ಲ. ಬಾವಿ ಮೇಲೆ ನನ್ ಹೆಸ್ರಿದ್ರೆ ನೀರಿಗೆ ಬರೋ ತಾಯಂದಿರು ದಿನಾ ನೋಡ್ತಾರೆ. ಓದೋಕೆ ಬರದಿದ್ರೂ ಇದು ಯಾರದು ಅಂತ ಕೇಳ್ತಾರೆ. ಮೇಷ್ಟ್ರ ಹೆಸ್ರಿನ ಜೊತೆಗಿದೆ ಅಂದ್ರೆ ಶಾಲೆ ಇನ್‌ಸ್ಪೆಕ್ಟರೂ ಒಂದ್ಸಲ ಯೋಚನೆ ಮಾಡ್ತಾರೆ. ನನಗೆ ಹಾರಗೀರ ಬೇಡ. ಅದೊಂದು ಸಾಲು ಬಿಡಿ, ಸಾಕು.”

ಬಿಡುತ್ತೇನೆ ಎಂದು ಹೇಳುವ ಅಧಿಕಾರ ನನಗಿರಲಿಲ್ಲ. ನೋಡೋಣ ಎಂದು ಬಂದೆ. ಮನೆಗೆ ಹೋಗಿ ಕುಳಿತರೂ ನಿಂತರೂ ಸಮಾಧಾನವಾಗಲಿಲ್ಲ.

ಮರುದಿನ ಬೆಳಗಿನ ರೈಲಿಗೆ ಬಂದ ಮೇಷ್ಟ್ರಿಗೆ ಇದೆಲ್ಲವನ್ನೂ ಹೇಳಿದೆ. ಅವರ ಮುಖ ಕೆಂಪಾಯಿತು. ಮಧ್ಯಾಹ್ನ ಕಾರ್ಯದರ್ಶಿಗಳು ಎರಕ ನೋಡಲು ಬಂದಾಗ ಇಬ್ಬರೂ ನನ್ನ ಕೆಲಸದ ಮೇಜಿನ ಎರಡು ಬದಿಗೆ ನಿಂತರು. ನಡುವೆ ಪ್ಯಾಟರ್ನ್.

“ಆ ಹೆಂಗಸಿಗೆ ಹೆಸರು ಬೇಕಂತಲ್ರೀ. ಬೇಡ ಅಂದವರು ಯಾರು?” ಎಂದು ಮೇಷ್ಟ್ರು ಕೇಳಿದರು.

“ಯಾರೋ ಅಂದ್ರು, ಬಿಡಿ. ಆಮಂತ್ರಣ ಅಚ್ಚಾಗಿದೆ, ಹೈಸ್ಕೂಲಿನ ಸೇವೆ ಅಂತ ಇದೆ. ಬರೋ ದೊಡ್ಡವರ ಮುಂದೆ ಈಗ ಹೊಸದೊಂದು ಸೇರಿಸೋಕೆ ಆಗಲ್ಲ. ಆ ಸಾಲಿದ್ರೆ ಫಲಕ ಬಾವಿಕಟ್ಟೆಗೆ ಏರೋಲ್ಲ. ಸಮಿತಿ ತೀರ್ಮಾನ ಆಗಿದೆ.”

ಸಮಿತಿಗೆ ಆ ಹೆಸರು ಏಕೆ ಬೇಡವಾಯಿತೆಂಬುದರ ನಿಜವಾದ ಕಾರಣ ನನಗೆ ಇಂದಿಗೂ ತಿಳಿಯದು. ಊಹೆಗಳಿವೆ, ಊಹೆಗಳನ್ನು ಬರೆಯುವುದಿಲ್ಲ.

ಆಗಲೇ ಮೇಷ್ಟ್ರು ಕೈ ಎತ್ತಿದ್ದು. ಹೊಡೆದೇಬಿಡುತ್ತಾರೆಂದು ನಾನು ನಡುವೆ ಬಂದೆ. ಎತ್ತಿದ ಕೈಯನ್ನು ಅವರು ಹಲಗೆಯ ಮೇಲೆ ಬಡಿದರು. “ಹಾಗಾದ್ರೆ ನನ್ನದೂ ತೆಗೀರಿ! ನೀರು ಕುಡಿದವಳ ಹೆಸರಿಲ್ಲದ ಫಲಕದಲ್ಲಿ ಪುಡಿ ಹಾಕಿದವನದ್ಯಾಕೆ?”

ಕಾರ್ಯದರ್ಶಿಗಳು ಮುಗುಳ್ನಕ್ಕರು. “ಎಂಥ ದೊಡ್ಡ ಮನಸ್ಸು ಸಾರ್ ನಿಮ್ಮದು! ಗುರುಗಳೇ ಹೆಸರು ಬೇಡ ಅಂದ್ರು ಅಂತ ಭಾಷಣದಲ್ಲಿ ಹೇಳ್ತೀನಿ. ಹುಡುಗರ ಹೆಸರು ಸಾಕು.”

ಕಥೆ ಹುಟ್ಟಿದ್ದು ಅಲ್ಲಿ, ನನ್ನ ಮೇಜಿನ ಪಕ್ಕದಲ್ಲಿ. ತಾವು ಆಡಿದ ಮಾತು ತಮ್ಮ ಕೈಯಿಂದ ಜಾರಿದ್ದು ಮೇಷ್ಟ್ರಿಗೆ ಗೊತ್ತಾಯಿತು.

ಹೊರಗಿನಿಂದ ಮೇಸ್ತ್ರಿ ಕೂಗಿದರು: “ಸೀಕ್ರಂ ಅಪ್ಪಾ, ಬೇಗ! ಕುಲುಮೇಲಿ ಸ್ವಲ್ಪಾನೇ ಉಳೀತದೆ. ಇನ್ನೂ ಮರಳಿನ ಪೆಟ್ಟಿಗೆ ತುಂಬಿಲ್ಲ. ಇವತ್ತು ಬಿಟ್ರೆ ಮುಂದಿನ ವಾರ!”

ಮುಂದಿನ ವಾರವೆಂದರೆ ಸಮಾರಂಭ ಕಳೆದಿರುತ್ತದೆ. ನಾನು ಉಳಿ ತೆಗೆದುಕೊಂಡೆ. ಮೊದಲ ಸಾಲು ತೆಗೆದೆ, ಬಿ.ಎ. ಸಹಿತ. ಕಡೆಯ ಸಾಲಿಗೆ ಬಂದಾಗ ಕೈ ನಿಂತಿತು. ಈ ಎರಡು ಸಾಲು ಹೋದರೆ ಉಳಿದವು ನಡುವೆ ಅಚ್ಚುಕಟ್ಟಾಗಿ ಕೂರುತ್ತವೆ. ಮೇಲೂ ಕೆಳಗೂ ಸಮನಾದ ಅಂಚು. ಏನೋ ಕಡಿಮೆಯಾಗಿದೆಯೆಂದು ನೋಡಿದ ಯಾರಿಗೂ ತೋರುವುದಿಲ್ಲ. ಸುಳ್ಳು ಬಹಳ ಸುಂದರವಾಗಿ ಕಾಣುತ್ತದೆ. ನನ್ನ ಕಸುಬಿನವನಿಗೆ ಅದು ಥಟ್ಟನೆ ಕಣ್ಣಿಗೆ ಕಟ್ಟಿತು. ಕಡೆಯ ಸಾಲನ್ನು ಎಬ್ಬಿಸಿದವನು ಅಲ್ಲಿಗೇ ನಿಲ್ಲದೆ ವಿದ್ಯಾರ್ಥಿಗಳ ಹೆಸರುಗಳಿಗೂ ಉಳಿ ಹಾಕಿದೆ.

“ಏ, ಹುಡುಗರದ್ದು ಯಾಕೆ ಕೀಳ್ತಿ?” ಎಂದು ಮೇಷ್ಟ್ರು ನನ್ನ ತೋಳು ಹಿಡಿದರು. “ಅವರೇನು ಮಾಡಿದ್ರು ಮಾರಾಯ? ಅವರದ್ದು ಬಿಡು.”

“ಇವು ಇದ್ದರೆ ಉಸ್ತಾನಿಯವರ ಹೆಸರು ಇರಲೇ ಇಲ್ಲ ಅಂತಾಗುತ್ತೆ ಸಾರ್. ಖಾಲಿ ಇದ್ರೆ ಯಾಕೆ ಅಂತ ಯಾರಾದ್ರೂ ಕೇಳ್ತಾರೆ.”

“ನಿನಗೆ ಹೇಳಿದ್ದು ಒಂದು ಸಾಲು!” ಎಂದು ಕಾರ್ಯದರ್ಶಿಗಳು ಅರಚಿದರು.

“ಹೌದು ಸ್ವಾಮಿ. ಮತ್ತೆ ಕೂರಿಸೋಕೆ ಹೊತ್ತಿಲ್ಲ,” ಎಂದೆ. ಅದು ನಿಜವೂ ಆಗಿತ್ತು. ಹಲಗೆಯನ್ನು ಕೊಯ್ದು ಚಿಕ್ಕದು ಮಾಡಲೂ ಹೊತ್ತಿರಲಿಲ್ಲ. ಮೆತ್ತನೆಯ ಸೀಸ ಮೇಲಕ್ಕೆದ್ದು ಬಂತು. ಮೊಳೆಗಳು ಮಾತ್ರ ಸಾಗುವಾನಿಯಲ್ಲೇ ನಿಂತವು. ಇಕ್ಕುಳದಿಂದ ಅವುಗಳನ್ನು ಬುಡಕ್ಕೆ ಕತ್ತರಿಸಿಕೊಂಡು ಓಡಿದೆ. ಪೆಟ್ಟಿಗೆ ತುಂಬಿತು, ಪ್ಯಾಟರ್ನ್ ಎದ್ದಿತು, ಕಬ್ಬಿಣ ಇಳಿಯಿತು.

ಬೆಳಗ್ಗೆ ಮರಳು ಒಡೆದಾಗ ಮೇಲರ್ಧದ ಅಕ್ಷರಗಳು ಲೋಪವಿಲ್ಲದೆ ಬಂದಿದ್ದವು. ಕೆಳಗಿನ ಅರ್ಧವನ್ನು ಒರೆಸಿದಾಗ ಅಂಗೈಗೆ ಏನೋ ತರಿತರಿಯಾಗಿ ತಾಗಿತು. ಕತ್ತರಿಸಿದ ಮೊಳೆಗಳ ಬುಡ ಕೂದಲೆಳೆಯಷ್ಟು ಹಲಗೆಯಿಂದ ಮೇಲೆ ಉಳಿದಿತ್ತು. ಒಂದೊಂದೂ ಸಾಸಿವೆಗಿಂತ ಸಣ್ಣ ಉಬ್ಬಾಗಿ ಕಬ್ಬಿಣದಲ್ಲಿ ಮೂಡಿತ್ತು. ಅರ ಹಿಡಿದು ಬಂದ ಕೆಲಸಗಾರ, “ಉಜ್ಜಿ ನುಣ್ಣಗೆ ಮಾಡ್ಲಾ ಅಣ್ಣಾ?” ಎಂದ. “ಅಂಚು ಮಾತ್ರ ಉಜ್ಜು,” ಎಂದೆ.

ಸಮಾರಂಭ ನಡೆಯಿತು. ಕಾರ್ಯದರ್ಶಿಗಳು ಕಾಗದವಿಲ್ಲದೆ, ಕಣ್ಣಂಚು ಒದ್ದೆಯಾಗುವಂತೆ, ಗುರುವಿನ ವಿನಯದ ಕಥೆಯನ್ನು ಹೇಳಿದರು. ಶಿಷ್ಯರ ವಿನಯವನ್ನು ಅಲ್ಲೇ ಹೊಸದಾಗಿ ಕೂಡಿಸಿದರು. ಮೇಷ್ಟ್ರು ಎದ್ದು ಅಲ್ಲಗಳೆಯುತ್ತಾರೆಂದು ಕಾದೆ. ಅವರು ಏಳಲಿಲ್ಲ. ಆಮೇಲೆ ಸ್ಟೇಷನ್ನಿನಲ್ಲಿ ಸಿಕ್ಕಾಗ ನೇರವಾಗಿಯೇ ಕೇಳಿದೆ.

“ಹಾರ ಹಾಕಿಸ್ಕೊಂಡ ಮೇಲೆ ಏನು ಹೇಳೋದು ಮಾರಾಯ?” ಎಂದರು. ರೈಲು ಹೊರಡುವವರೆಗೂ ಮತ್ತೆ ನನ್ನ ಮುಖ ನೋಡಲಿಲ್ಲ. ಆ ವಿದ್ಯಾರ್ಥಿಗಳಲ್ಲಿ ರೋಗ ತಗುಲಿ ಬದುಕಿದವರು ಮುಂದೆ ಶಿವಮೊಗ್ಗದಲ್ಲಿ ವಕೀಲರಾದರು. ಕೋಟೆಯ ರಸ್ತೆಯಲ್ಲಿ ಎದುರಾದರೆ ಇಂದಿಗೂ ಅತ್ತ ತಿರುಗಿಕೊಂಡು ಹೋಗುತ್ತಾರೆ. ಅವರ ಹೆಸರನ್ನು ಕಿತ್ತ ಕೈ ನನ್ನದೇ. ಬೇರೆ ದಾರಿಯಿತ್ತೇ ಎಂದು ಈ ವಯಸ್ಸಿನಲ್ಲೂ ಹುಡುಕುತ್ತೇನೆ. ಸಿಕ್ಕಿಲ್ಲ, ಹುಡುಕುವುದೂ ನಿಂತಿಲ್ಲ.

ಉಸ್ತಾನಿಯವರ ಶಾಲೆ ಆ ವರ್ಷ ಮುಚ್ಚಲಿಲ್ಲ. ಫಲಕದಿಂದ ಉಳಿಯಿತೆಂದು ನಾನು ಹೇಳಿದರೆ ಅದೂ ಒಂದು ಕಟ್ಟುಕಥೆಯೇ ಆಗುತ್ತದೆ. ಉಸ್ತಾನಿ ಮನೆಮನೆಗೆ ಹೋಗಿ ಹುಡುಗಿಯರನ್ನು ಕರೆತಂದದ್ದನ್ನು ಕೇರಿಯೆಲ್ಲ ಕಂಡಿದೆ.

ಸಮಾರಂಭದ ಚಪ್ಪರ ಬಿಚ್ಚುತ್ತಿದ್ದ ದಿನ ಅವರು ಬಾವಿಗೆ ಬಂದರು. ನಾನು ಫಲಕದ ತಿರುಪುಗಳನ್ನು ಬಿಗಿಮಾಡುತ್ತಿದ್ದೆ. ಮೇಲಿನ ಒಕ್ಕಣೆಯನ್ನು ಅವರು ಅಕ್ಷರ ಕೂಡಿಸಿಕೊಂಡು ನಿಧಾನವಾಗಿ ಓದಿದರು. ಕೆಳಗೆ ಕೈಯಿಟ್ಟು ಹುಬ್ಬು ಗಂಟಿಕ್ಕಿದರು.

“ಇದೇನು ಭಾಯ್, ಕಾಳುಕಾಳಾಗಿದೆ?”

“ಹೆಸರುಗಳ ಮೊಳೆ ಅಮ್ಮಾ. ಹೆಸರು ಕಿತ್ತೆ, ಮೊಳೆ ಬಿಡಲಿಲ್ಲ.”

“ಇದರಲ್ಲಿ ನನ್ನದ್ಯಾವುದು?”

ಕಡೆಯ ಸಾಲನ್ನು ತೋರಿಸಿದೆ. ಅವರು ತೋರುಬೆರಳನ್ನು ಮೊದಲ ಉಬ್ಬಿನ ಮೇಲಿಟ್ಟು, ಒಂದೊಂದನ್ನೂ ಮುಟ್ಟುತ್ತ, ಸಾಲು ಮುಗಿಯುವವರೆಗೆ ಹೋದರು.

“ಇಷ್ಟುದ್ದ ಇತ್ತಾ!” ಎಂದರು. ಮತ್ತೆ ಮೊದಲಿನಿಂದ ಹೊರಟರು.

ನಲ್ಲಿ ಬಂದ ಮೇಲೆ ಆ ಬಾವಿಯ ಬಾಯಿಗೆ ಜಾಲರಿ ಹಾಕಿದ್ದಾರೆ. ಫಲಕ ಕಟ್ಟೆಯಲ್ಲೇ ಇದೆ. ಹಬ್ಬಕ್ಕೆ ಬಳಿದ ಸುಣ್ಣದ ಪದರಗಳಿಂದ ಬರಿಗಣ್ಣಿಗೆ ನುಣ್ಣಗೆ ಕಾಣುತ್ತದೆ, ಆದ್ದರಿಂದ ನೋಡಿ ನಂಬಬೇಡಿ. ಭಾಷಣಕ್ಕೆ ಹೊರಡುವ ಮಹನೀಯರು ಒಮ್ಮೆ ಭದ್ರಾವತಿಗೆ ಬಂದು, ಸುಣ್ಣವನ್ನು ಉಗುರಿನಿಂದ ಕೆರೆದು, ಅಂಗೈ ಆಡಿಸಲಿ. ಮೊದಲೇ ಬೇಡವೆಂದ ಹೆಸರಿಗೆ ಯಾರೂ ಮೊಳೆ ಹೊಡೆದಿರುವುದಿಲ್ಲ. ಸಾಲುಗಳು ಮೇಲಿನಿಂದ ಕೆಳಕ್ಕೆ ಸ್ಪಷ್ಟವಾಗಿ ಸಿಗುತ್ತವೆ. ಎಲ್ಲಕ್ಕಿಂತ ಕೆಳಗಿನದನ್ನು ಮುಟ್ಟಬೇಕಾದರೆ ಸ್ವಲ್ಪ ಬಗ್ಗಬೇಕು.